ಮುಟ್ಟದ ಕೈ

೧೧ ಜನವರಿ ೧೯೮೧, ಭಾನುವಾರ

ಕಾರ್ಖಾನೆಯಲ್ಲಿ ಮುಷ್ಕರ. ಹಾಗಾಗಿ ಈ ವರ್ಷದ ಡೈರಿಯೂ ಬರಲಿಲ್ಲ. ಹೋದ ವರ್ಷದ್ದರಲ್ಲೇ ವಾರದ ಹೆಸರು ಹೊಡೆದು ತಿದ್ದಿಕೊಂಡು ಬರೆಯುತ್ತಿದ್ದೇನೆ. ಹೊಡೆಯುವ ಗೆರೆಯನ್ನೂ ಸ್ಕೇಲಿಟ್ಟೇ ಎಳೆಯುತ್ತೇನೆ. ಇಂಜಿನಿಯರುಗಳ ನಕ್ಷೆಗೆ ಇಂಕಿನಲ್ಲಿ ನಕಲು ತೆಗೆಯುವ ಟ್ರೇಸರ್ ಕೆಲಸ ಮಾಡಿದವನ ಕೈ ಮನೆಯಲ್ಲಿ ಕೂತರೂ ಟ್ರೇಸರ್ ಕೈಯೇ.

ಗೇಟಿನ ಮುಂದೆ ಕೂಗಿ ಕೂಗಿ ಗಂಟಲು ಹೋಗಿದೆ. ಮನೆಗೆ ಬಂದರೆ ಕೂರಲು ಜಗಲಿ, ನೋಡಲು ಎದುರು ಮನೆಯ ಕಾಂಪೌಂಡು. ಬೆಳಿಗ್ಗೆ ಮನೆ ಮಾಲೀಕರ ಮಗ ರಾಮಪ್ರಸಾದ ನಮ್ಮ ಔಟ್‌ಹೌಸಿನ ಬಾಗಿಲಿಗೆ ಬಂದ. ಬ್ಯಾಂಕಿನಲ್ಲಿ ಗುಮಾಸ್ತ, ಹೆಗಲಿಗೆ ಸದಾ ಕ್ಯಾಮೆರಾ.

"ಗಂಗಯ್ಯನೋರೇ, ಜಗಲಿ ಸವೆದುಹೋಗುತ್ತೆ, ಏಳಿ. ಮುಂದಿನ ಭಾನುವಾರ ನಮ್ಮ ಜೊತೆ ಬನ್ನಿ. ನಾಲ್ಕನೇ ಬ್ಲಾಕಿನ ಸೀತಾಲಕ್ಷ್ಮಿ ಮೇಡಂ, ಕಾಲೇಜಲ್ಲಿ ಇತಿಹಾಸ ಹೇಳ್ಕೊಡ್ತಾರಲ್ಲ, ಅವರು ಒಂದು ಬಂಡೆ ಹಿಡಿದಿದಾರೆ. ಕನಕಪುರ ರಸ್ತೆ ಆಚೆ, ಕರಡಿಗುಂಡು ಅಂತ. ಅದರ ಮೇಲೆ ಸಾವಿರಾರು ವರ್ಷದ ಚಿತ್ರ ಇದೆ. ನಕಲು ತೆಗೀಬೇಕು. ನಿಮ್ಮದಕ್ಕಿಂತ ಒಳ್ಳೇ ಕೈ ಬೇಕಾ?"

"ಸಂಬಳ?" ಎಂದೆ ತಮಾಷೆಗೆ.

"ಪುಳಿಯೋಗರೆ. ಮೇಡಂ ಮನೇದು."

"ಅಷ್ಟಾದ್ರೂ ಸಿಗುತ್ತಲ್ಲ, ಹೋಗ್ಬನ್ನಿ" ಎಂದಳು ಹೆಂಡತಿ ಅಂಕಮ್ಮ ಒಳಗಿಂದ. ಅವನು ಹೋದ ಮೇಲೆ ಕೈಯಲ್ಲಿದ್ದ ರವಿಕೆಗೆ ಕೊಕ್ಕೆ ಹೊಲಿಯುತ್ತಾ, "ರೀ, ನಾನೊಂದು ಯೋಚನೆ ಮಾಡಿದೀನಿ…" ಎಂದು ಶುರು ಮಾಡಿದಳು.

"ಸೀಮೆಎಣ್ಣೆ ತಾನೇ? ಸಂಜೆ ಕ್ಯೂ ನಿಲ್ತೀನಿ" ಎಂದೆ. ಅವಳು ಮತ್ತೆ ಕೊಕ್ಕೆಗೆ ಬಗ್ಗಿದಳು. ಅದೇ ಇರಬೇಕು.

೧೮ ಜನವರಿ, ಭಾನುವಾರ

ಬನಶಂಕರಿಯಿಂದ ಬಸ್ಸು, ಆಮೇಲೆ ಹುರುಳಿ ಹೊಲಗಳ ನಡುವೆ ನಡಿಗೆ. ಬಂಡೆ ಎಂದರೆ ಬಂಡೆ. ಉಂಡು ಮಗ್ಗುಲಾದ ಗೌಡನ ಹಾಗೆ ಒರಗಿಕೊಂಡಿದೆ. ಅದರ ಹೊಟ್ಟೆಯ ಅಡಿ ಮಳೆ ತಾಕದ ಒಂದು ತಾವು. ಅಲ್ಲಿ ಕೆಮ್ಮಣ್ಣಿನ ಬಣ್ಣದ ಜನ. ಗೇಣುದ್ದದವರು, ಸಾಲಾಗಿ ನಿಂತಿದ್ದಾರೆ, ಕೈಗೆ ಕೈ ಕೊಟ್ಟುಕೊಂಡು. ಒಂದು ತುದಿಗೆ ಗೂಳಿ. ಇನ್ನೊಂದು ತುದಿಗೆ ಒಬ್ಬ ಹೆಂಗಸು.

ಸೀತಾಲಕ್ಷ್ಮಿ ಮೇಡಂ ತಲೆಗೆ ಟವಲು ಸುತ್ತಿಕೊಂಡು ಓಡಾಡುತ್ತಿದ್ದರು. ಚಿತ್ರ ಎದ್ದು ಕಾಣಲೆಂದು ರಾಮಪ್ರಸಾದ ನೀರು ಎರಚಲು ಹೋದ. "ಇಷ್ಟು ವರ್ಷ ಉಳಿದಿದ್ದು ನಿನ್ನ ಒಂದು ಚೊಂಬಿಗೆ ಹೋಗ್ಬೇಕಾ?" ಎಂದು ಬೈದು ಚೊಂಬು ಕಿತ್ತಿಟ್ಟುಕೊಂಡರು.

ನನ್ನ ಕೆಲಸ ಇಷ್ಟು: ಚಿತ್ರದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಿಡಿದು, ಗಾಜಿನ ಮೇಲೆ ಬರೆಯುವ ಮೇಣದ ಪೆನ್ಸಿಲಿನಿಂದ ಗೆರೆಯನ್ನು ಹಿಂಬಾಲಿಸುವುದು. ಆಮೇಲೆ ಅವರ ಮನೆಯಲ್ಲಿ ಅದನ್ನು ಬೆಳಕು ಹಾಯುವ ಟ್ರೇಸಿಂಗ್ ಬಟ್ಟೆಗೆ ಇಂಕಿನಲ್ಲಿ ಇಳಿಸುವುದು. ಮಲಗಿ ಬರೆದೆ, ಮೊಣಕಾಲೂರಿ ಬರೆದೆ, ಕತ್ತು ತಿರುಚಿಕೊಂಡು ಬರೆದೆ. ಕಾರ್ಖಾನೆಯ ಬೋರ್ಡು ನಮ್ಮ ಎತ್ತರಕ್ಕೆ ಬಗ್ಗುತ್ತದೆ. ಬಂಡೆ ಬಗ್ಗುವುದಿಲ್ಲ.

ಊಟದ ಹೊತ್ತಿಗೆ ಒಂದು ಕಥೆ ಹೇಳಿದೆ. ಆ ವರ್ಷ ಬೆಳೆ ಕೈಗೆ ಬಂತು, ಗೂಳಿಯನ್ನು ಮುಂದೆ ಬಿಟ್ಟುಕೊಂಡು ಇಡೀ ಊರು ಕೈ ಹಿಡಿದು ಕುಣಿಯಿತು, ಕೊನೆಯವಳು ಹೊಸದಾಗಿ ಮದುವೆಯಾಗಿ ಬಂದವಳು, ನಾಚಿಕೆ, ಅದಕ್ಕೇ ತುದಿಯಲ್ಲಿ ನಿಂತಳು ಅಂತ. ನಮ್ಮೂರ ಜಗಲಿಯಲ್ಲಿ ಜನ ಕೂಡಿದಾಗ ಕಥೆ ಹೇಳುತ್ತಿದ್ದ ಹಾಗೆ ದನಿ ಎತ್ತಿ, ಇಳಿಸಿ ಹೇಳಿದೆ. ಮೇಡಂ ಪುಳಿಯೋಗರೆಯ ಕೈಯಲ್ಲೇ ಬರೆದುಕೊಂಡರು. "ಕುಣಿತ ಅಂತಲೇ ನಾನೂ ಅಂದ್ಕೊಂಡಿದ್ದೆ. ಮಾರ್ಚಲ್ಲಿ ಒಂದು ಭಾಷಣ ಇದೆ, ಇದನ್ನೇ ಹೇಳ್ತೀನಿ" ಎಂದರು.

ಬಂಡೆಯ ಆಚೆ ಮಗ್ಗುಲಲ್ಲಿ ಕಲ್ಲು ಒಡೆಯುತ್ತಾರೆ. ಅಲ್ಲಿನ ಮೇಸ್ತ್ರಿ ಪಿಳ್ಳಣ್ಣ ಬಂದು ಇಣುಕಿ ನೋಡಿದ. "ಇದ್ನ ನಮ್ಮ ತಾತನ ಕಾಲ್ದಿಂದ ನೋಡ್ತಿವ್ನಿ ಸಾಮಿ, ಯಾವೋನೂ ಪುಳಿಯೋಗರೆ ಕಟ್ಕೊಂಡು ಬಂದಿರ್ಲಿಲ್ಲ" ಎಂದ. ಕಲ್ಲು ಒಡೆಯುತ್ತಾ ಈ ಕಡೆಗೆ ಯಾವಾಗ ಬರುತ್ತೀರಿ ಎಂದು ಮೇಡಂ ಕೇಳಿದ್ದಕ್ಕೆ, "ಶಿವರಾತ್ರಿ ಆಗ್ಲಿ ತಾಯಿ, ಅಲ್ಲೀಗಂಟ ಮುಟ್ಟಲ್ಲ" ಎಂದು ಮಾತು ಕೊಟ್ಟ.

ಮೈಯೆಲ್ಲ ನೋವು.

೨೨ ಜನವರಿ, ಗುರುವಾರ

ಮೂರು ದಿನ ಮೇಡಂ ಮನೆಯ ಜಗಲಿಯಲ್ಲಿ ಕೂತು ಇಂಕಿಂಗ್ ಮುಗಿಸಿದೆ. ನನ್ನ ಕೆಲಸವೆಂದು ಹೇಳಿಕೊಳ್ಳಬಾರದು, ಆದರೂ ಗೆರೆ ಅಂದರೆ ಅದು. ಇಂಜಿನಿಯರ್ ಪೆನ್ಸಿಲ್ ನಡುಗಿದ ಕಡೆ ಟ್ರೇಸರ್ ಪೆನ್ ನಡುಗಬಾರದು, ಮೂಲೆ ಸೇರದಿದ್ದರೆ ನಾವು ಸೇರಿಸಬೇಕು, ದುಂಡು ಸೊಟ್ಟಗಿದ್ದರೆ ದುಂಡು ಮಾಡಬೇಕು. ಕೆಲಸಕ್ಕೆ ಸೇರಿದ ದಿನ ಕಲಿಸಿದ್ದು ಅದನ್ನೇ. ಇಲ್ಲೂ ಮಾಡಿದೆ. ಒಬ್ಬನ ಮೊಣಕಾಲು ಅರ್ಧಕ್ಕೆ ನಿಂತಿತ್ತು, ಮುಗಿಸಿದೆ. ಗೂಳಿಯ ಭುಜ ತಗ್ಗುದಿಣ್ಣೆಯಾಗಿತ್ತು, ನಯ ಮಾಡಿದೆ. ಪ್ಲಾಸ್ಟಿಕ್ ಹಾಳೆಗಳು ಮತ್ತೆ ಬೇಕಾಗುತ್ತವಲ್ಲ ಎಂದು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸುತ್ತಿಟ್ಟೆ.

ಸಂಜೆ ಮೇಡಂ ಕಾಲೇಜಿನಿಂದ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದರು.

"ಸಖತ್ತಾಗಿದೆ ಗುರು!" ಎಂದ ರಾಮಪ್ರಸಾದ.

ಮೇಡಂ ಬೆರಳಿಟ್ಟು ನೋಡಿದರು. "ಗಂಗಯ್ಯನೋರೇ, ಬಂಡೆ ಮೇಲೆ ಈ ಕೊನೆಯವಳ ಕೈ ಪಕ್ಕದವನ ಕೈಗೆ ಮುಟ್ಟಿರಲಿಲ್ಲ ಅಲ್ವಾ?"

"ಇಲ್ಲ ಮೇಡಂ. ಒಂದು ಬೆರಳಷ್ಟು ಬಿಟ್ಟುಹೋಗಿತ್ತು. ನಾನೇ ಸೇರಿಸಿದೆ."

ಹೆಮ್ಮೆಯಿಂದಲೇ ಹೇಳಿದೆ. ಅವರು ಬಟ್ಟೆಯನ್ನು ಕೆಳಗಿಟ್ಟರು. "ಬೇರೆ ಏನೇನು ಸೇರಿಸಿದ್ರಿ?" ಎಂದು ಕೇಳಿದರು. ಮೊಣಕಾಲು, ಭುಜ ಹೇಳಿದೆ. ಮಿಕ್ಕದ್ದು ನೆನಪಾಗಲಿಲ್ಲ. ಸಣ್ಣಪುಟ್ಟದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಆ ಪ್ಲಾಸ್ಟಿಕ್ ಹಾಳೆ ಕೊಡಿ, ಹೋಲಿಸಿ ನೋಡೋಣ."

"ಒರೆಸಿಬಿಟ್ಟೆ ಮೇಡಂ."

ಬೈಯಲಿಲ್ಲ. ಕಾಫಿ ತಂದುಕೊಟ್ಟರು. ಬೈದಿದ್ದರೆ ವಾಸಿಯಿತ್ತು. "ಬಂಡೆ ಎಲ್ಲೂ ಹೋಗಲ್ಲ. ಭಾನುವಾರ ಮತ್ತೆ ತೆಗೆಯೋಣ. ಈ ಸಲ ಬಂಡೆ ಹೇಗಿದೆಯೋ ಹಾಗೆ. ಮುರಿದಿದ್ರೆ ಮುರಿದ ಹಾಗೇ" ಎಂದರು.

ಮನೆಯಲ್ಲಿ ಅಂಕಮ್ಮನಿಗೆ ಹೇಳಿ ಗೊಣಗಿದೆ. ಅವಳು ನಕ್ಕಳು. "ನನ್ನ ಹತ್ರಾನೂ ಅದೇ ತಾನೇ ಮಾಡೋದು? ಮಾತು ಶುರು ಮಾಡೋದು ನಾನು, ಮುಗಿಸೋದು ನೀವು."

"ನಾನು ಯಾವತ್ತು…" ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

೨೫ ಜನವರಿ, ಭಾನುವಾರ

ಹೋಗಲಾಗಲಿಲ್ಲ. ಯೂನಿಯನ್ ಮೆರವಣಿಗೆ. ಬರದಿದ್ದವರ ಹೆಸರು ಗೇಟಿನಲ್ಲಿ ಕೂಗುತ್ತಾರೆ. ನಾನಿಲ್ಲದೆ ಉಳಿದವರು ಹೋಗಿಯೂ ಪ್ರಯೋಜನವಿಲ್ಲವೆಂದು ಅವರೂ ಹೋಗಲಿಲ್ಲ. ಇನ್ನೊಂದು ವಾರ ತಾನೇ. ಕಾಲು ಊದಿಕೊಂಡಿದೆ.

೧ ಫೆಬ್ರವರಿ, ಭಾನುವಾರ

ಬಂಡೆ ಇಲ್ಲ.

೨ ಫೆಬ್ರವರಿ, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಹುರುಳಿ ಹೊಲ ದಾಟುವಾಗಲೇ ಏನೋ ಹೆಚ್ಚು ಬೆಳಕಾಗಿದೆ ಅನ್ನಿಸಿತು. ಗೌಡ ಮಲಗಿದ್ದ ಜಾಗದಲ್ಲಿ ಆಕಾಶವಿತ್ತು. ನೆಲದ ತುಂಬ ಬಿಳಿ ಚೂರು, ಲಾರಿಯ ಚಕ್ರದ ಗುರುತು, ಮದ್ದಿನ ವಾಸನೆ.

ಪಿಳ್ಳಣ್ಣ ಮುಖ ಕೊಡಲಿಲ್ಲ. "ನಾನೇನ್ ಮಾಡ್ಲಿ ಸಾಮಿ. ಜೇಪಿ ನಗ್ರದಾಗೆ ಎಲ್ಲಾರೂ ಒಟ್ಟಿಗೇ ಪಾಯ ತೆಗ್ಸವ್ರೆ. ಕಲ್ಲು ಕಲ್ಲು ಅಂತ ಕಂಟ್ರಾಕ್ಟ್ರು ತಲೆ ಮೇಲೆ ಕೂತ. ಶಿವರಾತ್ರಿ ಅಂದೆ. ಶಿವನ್ಗೆ ನಾನು ಹೇಳ್ಕತೀನಿ ಹೊಡೀಲಾ ಅಂದ."

ಮೇಡಂ ಒಂದು ಚೂರಿನ ಮೇಲೆ ಕೂತುಬಿಟ್ಟರು. ರಾಮಪ್ರಸಾದ ಕ್ಯಾಮೆರಾದ ಚೀಲವನ್ನೂ ಬಿಚ್ಚಲಿಲ್ಲ. ಮೊದಲ ಭಾನುವಾರ ಅವನು ತೆಗೆದ ಫೋಟೋಗಳು ತೊಳೆದು ಬಂದಿವೆ. ಕಪ್ಪು ಬಿಳುಪಿನಲ್ಲಿ ಕೆಮ್ಮಣ್ಣೂ ಬೂದುಬಣ್ಣ, ಬಂಡೆಯೂ ಬೂದುಬಣ್ಣ. ಗೂಳಿಯ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ.

ಬಸ್ಸಿನಲ್ಲಿ ಮೇಡಂ ಹೇಳಿದರು: "ಇನ್ನು ಉಳಿದಿರೋದು ನಿಮ್ಮ ಬಟ್ಟೆ ಒಂದೇ, ಗಂಗಯ್ಯನೋರೇ."

ಅಷ್ಟು ಭಾರದ ಮಾತು ನನಗೆ ಯಾರೂ ಹೇಳಿರಲಿಲ್ಲ.

೫ ಫೆಬ್ರವರಿ, ಗುರುವಾರ

ಬಟ್ಟೆಯ ಮುಂದೆ ಕೂತಿದ್ದೆ. ಯಾವ ಗೆರೆ ಅವರದ್ದು, ಯಾವುದು ನನ್ನದು? ಎಲ್ಲಾ ಒಂದೇ ಕಪ್ಪು, ಒಂದೇ ದಪ್ಪ. ಬಂಡೆ ಎಲ್ಲಿ ಮುಗಿಯಿತು, ನಾನು ಎಲ್ಲಿ ಶುರುವಾದೆ ಎಂದು ನನಗೇ ತಿಳಿಯುವುದಿಲ್ಲ. ಕಾರ್ಖಾನೆಯಲ್ಲಾದರೆ ಇದಕ್ಕೆ ಶಭಾಷ್ ಎನ್ನುತ್ತಿದ್ದರು.

ಮೇಡಂಗೆ ಹೇಳಿದೆ, ಬಂಡೆಯ ಒಂದು ಚೂರು ಸಿಕ್ಕರೂ ಸಾಕು ಎಂದು. ಅದರ ನಕಲು ತೆಗೆದು ಬಟ್ಟೆಯ ಅದೇ ಭಾಗದ ಪಕ್ಕ ಇಟ್ಟರೆ ನನ್ನ ಕೈ ಏನು ಕಿತಾಪತಿ ಮಾಡುತ್ತದೆಂದು ತಿಳಿಯುತ್ತದೆ. ಒಂದು ಕಡೆ ತಿಳಿದರೆ ಮಿಕ್ಕ ಕಡೆ ಊಹಿಸಬಹುದು. "ಸಿಗುತ್ತಾ?" ಎಂದರು. ನನಗೂ ನಂಬಿಕೆಯಿಲ್ಲ.

೯ ಫೆಬ್ರವರಿ, ಸೋಮವಾರ

ಗೇಟಿನಿಂದ ನೇರ ಜೆ.ಪಿ. ನಗರಕ್ಕೆ ಹೋದೆ. ಎಲ್ಲಿ ನೋಡಿದರೂ ಅಗೆದ ಪಾಯ, ಸೈಜುಗಲ್ಲಿನ ರಾಶಿ. ಒಂದೊಂದು ರಾಶಿಯಲ್ಲೂ ಕಲ್ಲು ಮಗುಚಿ ನೋಡಿದೆ. ಒಬ್ಬ ಕಾವಲುಗಾರ ದೊಣ್ಣೆ ಹಿಡಿದು ಬಂದ. "ಏನ್ ಹುಡುಕ್ತಿದೀಯಪ್ಪಾ?" "ಕೆಂಪು ಬಣ್ಣ." "ಕುಡಿದಿದೀಯಾ?"

ಬರಿಗೈಲಿ ಬಂದೆ. ಉಗುರು ಒಡೆದಿದೆ.

೧೧ ಫೆಬ್ರವರಿ, ಬುಧವಾರ

ಇವತ್ತೂ ಇಲ್ಲ. ಮಾತಾಡಲೂ ಬೇಜಾರು. ಅಂಕಮ್ಮ ಹೇಳಿದಳು: "ಒಬ್ರೇ ಅಲೆದ್ರೆ ಕಳ್ಳ ಅಂತಾರೆ. ನಾನೂ ಬರ್ತೀನಿ. ಜೊತೆಗೆ ಹೆಂಗಸಿದ್ರೆ ಸೈಟು ನೋಡೋಕೆ ಬಂದೋರು ಅಂದ್ಕೋತಾರೆ."

೧೨ ಫೆಬ್ರವರಿ, ಗುರುವಾರ

ಅಂಕಮ್ಮ ಮದುವೆಗೆ ಉಡುವ ಸೀರೆ ಉಟ್ಟು ಬಂದಳು. ಹೋದ ಕಡೆಯಲ್ಲೆಲ್ಲ ಮೇಸ್ತ್ರಿಗಳು ಎದ್ದು ನಿಂತರು. "ಪೂರ್ವಕ್ಕೆ ಬಾಗ್ಲು ಬರುತ್ತಾ?" ಎಂದು ಕೇಳುತ್ತಾ ಇವಳು ಅವರನ್ನು ಒಂದು ಕಡೆಗೆ ಕರೆದೊಯ್ಯುವುದು, ನಾನು ಇನ್ನೊಂದು ಕಡೆ ಕಲ್ಲು ಮಗುಚುವುದು. ಒಂದು ಕಡೆಯಂತೂ ಅಡುಗೆಮನೆ ಚಿಕ್ಕದಾಯಿತೆಂದು ಜಗಳ ಆಡಿ ಬಂದಳು.

ರಾಶಿಯಿಂದ ರಾಶಿಗೆ ನಡೆಯುವಾಗ ಅವಳು ಏನೋ ಹೇಳತೊಡಗಿದಳು. ವಿಲ್ಸನ್ ಗಾರ್ಡನ್ನಿನಲ್ಲಿ ಬಟ್ಟೆ ಹೊಲಿಯುವ ಕಂಪನಿಯಿದೆಯಂತೆ. ಹೊರದೇಶಕ್ಕೆ ಶರ್ಟು ಕಳಿಸುತ್ತಾರಂತೆ. ಅಲ್ಲಿ ಕೇಳಿಕೊಂಡು ಬಂದಿದ್ದಾಳಂತೆ. ಇವಳ ಹೊಲಿಗೆ ನೋಡಿ ಬಾ ಎಂದಿದ್ದಾರಂತೆ. "ನಿಮ್ಮ ಸ್ಟ್ರೈಕಿಗೋಸ್ಕರ ಅಂದ್ಕೋಬೇಡಿ. ಅದು ಮುಗಿದ್ರೂ ನಾನು ಬಿಡಲ್ಲ. ಒಬ್ಳೇ ಕೂತು ಕೊಕ್ಕೆ ಹಾಕಿ ಹಾಕಿ ಸಾಕಾಗಿದೆ. ನಾಲ್ಕು ಜನರ ಮಧ್ಯೆ ಕೂತು ಕೆಲಸ ಮಾಡ್ಬೇಕು ಅಂತ ನನಗೆ ಮೊದಲಿಂದ್ಲೂ ಆಸೆ. ಹಳ್ಳೀಲಿ ಕಳೆ ಕೀಳೋವಾಗ ಎಷ್ಟು ಜನ ಇರ್ತಿದ್ವಿ. ಇಲ್ಲಿಗೆ ಬಂದ ಮೇಲೆ ಗೋಡೆ ಜೊತೆ ಮಾತು." ತುಂಬ ಹೊತ್ತು ಹೇಳಿದಳು. ಗೋಡೆಯ ಜೊತೆ ಮಾತಾಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ನನ್ನ ಗಂಟಲಿಗೆ ಸಿಮೆಂಟಿನ ಧೂಳು ಹೋಗಿತ್ತು, ಕಣ್ಣು ಕಲ್ಲಿನ ಮೇಲಿತ್ತು, ಹಾಗಾಗಿ ಸುಮ್ಮನೆ ಕೇಳಿಸಿಕೊಂಡೆ. ಕೊನೆಗೆ "ಸೋಮವಾರದಿಂದ" ಎಂದಳು. "ಹ್ಞೂಂ" ಎಂದೆ.

ಬಿಸಿಲು ಇಳಿಯುವ ಹೊತ್ತಿಗೆ ಮೂರನೇ ಹಂತದ ಒಂದು ಸೈಟಿನಲ್ಲಿ ಅವಳೇ ಕೂಗಿದಳು, "ರೀ, ಕೆಂಪು!"

ಪಾಯದೊಳಗೆ, ಈಶಾನ್ಯ ಮೂಲೆಯಲ್ಲಿ, ಅರಿಶಿನ ಕುಂಕುಮ ಹಚ್ಚಿದ ಕಲ್ಲು. ಮೇಲಿನದ್ದು ಕುಂಕುಮ. ಅದರ ಪಕ್ಕದ್ದು ಕುಂಕುಮವಲ್ಲ. ಎರಡು ಪಾದ, ಕಣಕಾಲು, ಸೀರೆಯ ಅಂಚಿನಂಥ ಒಂದು ಗೆರೆ. ಸಾಲಿನಲ್ಲಿ ಅಂಥ ಅಂಚಿದ್ದವಳು ಒಬ್ಬಳೇ, ಕೊನೆಯವಳು. ನಾನು ಪಾಯಕ್ಕೆ ಹೇಗೆ ಇಳಿದೆನೋ ಗೊತ್ತಿಲ್ಲ.

ಮನೆ ಕಟ್ಟಿಸುತ್ತಿರುವವರು ಚನ್ನಬಸವಯ್ಯ, ರಿಟೈರಾದ ಹೆಡ್‌ಮಾಸ್ಟರು. ಕೊಡೆ ಹಿಡಿದು ಮೇಲೆ ನಿಂತಿದ್ದರು.

"ಯಾರ್ರೀ ಅದು? ಪೂಜೆ ಆಗಿರೋ ಕಲ್ಲಿನ ಮೇಲೆ ಕಾಲು!"

ಅಂಕಮ್ಮ ಎಲ್ಲಾ ಹೇಳಿದಳು. ನಾನಾಗಿದ್ದರೆ ಅರ್ಧ ಪುರಾಣ ಸೇರಿಸುತ್ತಿದ್ದೆ. ಅವಳು ಇದ್ದದ್ದು ಹೇಳಿದಳು. ಹೆಡ್‌ಮಾಸ್ಟರು ಕನ್ನಡಕ ಸರಿ ಮಾಡಿಕೊಂಡು ಇಳಿದು ಬಂದು, ಆ ಪಾದಗಳನ್ನು ಬಹಳ ಹೊತ್ತು ನೋಡಿದರು.

"ಕೀಳೋ ಹಾಗಿಲ್ಲಪ್ಪ. ಈಶಾನ್ಯದ ಕಲ್ಲು. ನಮ್ಮನೇವ್ರು ಒಪ್ಪಲ್ಲ."

"ಕೀಳೋದು ಬೇಡ ಸಾರ್. ಬರ್ಕೋತೀನಿ."

"ಗಾರೆ ಕಲಸಾಗಿದೆ ಸ್ವಾಮಿ, ಗಟ್ಟಿಯಾದ್ರೆ ಯಾರು ಕೊಡ್ತಾರೆ?" ಎಂದ ಮೇಸ್ತ್ರಿ.

"ಗಟ್ಟಿಯಾದ್ರೆ ಇನ್ನೊಂದ್ಸಲ ಕಲಸು" ಎಂದರು ಹೆಡ್‌ಮಾಸ್ಟರು. "ಬರ್ಕೊಳ್ಳಲಿ."

ಚೀಲದಿಂದ ಪ್ಲಾಸ್ಟಿಕ್ ತೆಗೆದು ಹೊದಿಸಿದೆ. ಅಂಕಮ್ಮ ಎರಡು ತುದಿ ಒತ್ತಿ ಹಿಡಿದಳು. ಗೆರೆ ನಡುಗಿದ ಕಡೆ ನನ್ನ ಕೈಯೂ ನಡುಗಿತು, ನಾನು ತಡೆಯಲಿಲ್ಲ. ಹಿಮ್ಮಡಿಯ ಹತ್ತಿರ ಬಣ್ಣ ಉದುರಿತ್ತು, ಅಲ್ಲಿ ಪೆನ್ಸಿಲ್ ಎತ್ತಿದೆ. ಆಗ ನೋಡಿದೆ: ಒಂದು ಪಾದ ಸಾಲಿನ ಕಡೆಗಿದೆ, ಇನ್ನೊಂದು ಸಾಲಿಗೆ ಬೆನ್ನು ಹಾಕಿದೆ. ನಾನು ಬಟ್ಟೆಯ ಮೇಲೆ ಎರಡನ್ನೂ ಒಂದೇ ಕಡೆಗೆ ತಿರುಗಿಸಿಬಿಟ್ಟಿದ್ದೆ.

ನಾವು ಮೇಲೆ ಬಂದ ಮೇಲೆ ಗಾರೆ ಸುರಿದರು.

೧೬ ಫೆಬ್ರವರಿ, ಸೋಮವಾರ

ಅಂಕಮ್ಮ ಬೆಳಿಗ್ಗೆ ಡಬ್ಬಿ ಹಿಡಿದು ವಿಲ್ಸನ್ ಗಾರ್ಡನ್ ಬಸ್ಸು ಹತ್ತಿದಳು. ನಾನು ಸಾರು ಮಾಡಿದೆ. ಉಪ್ಪು ಮರೆತೆ. ಸಂಜೆ ಬಂದು ಉಂಡು, ಉಪ್ಪಿನ ಡಬ್ಬಿ ನನ್ನ ಮುಂದೆ ಇಟ್ಟಳು.

೨೦ ಫೆಬ್ರವರಿ, ಶುಕ್ರವಾರ

ಚೂರಿನ ನಕಲನ್ನು ಬಟ್ಟೆಯ ಪಕ್ಕದಲ್ಲಿಟ್ಟುಕೊಂಡು ದಿನವೂ ಕೂರುತ್ತಿದ್ದೇನೆ. ನನ್ನ ಕೈಯ ಚಾಳಿ ಈಗ ಕಾಣುತ್ತದೆ. ದಪ್ಪವಿದ್ದದ್ದನ್ನು ತೆಳ್ಳಗೆ ಮಾಡುತ್ತದೆ, ಬಿಟ್ಟದ್ದನ್ನು ಕೂಡಿಸುತ್ತದೆ, ಬೇರೆ ಕಡೆ ನೋಡುವವರನ್ನು ಹಿಡಿದು ಸಾಲಿಗೆ ತಿರುಗಿಸುತ್ತದೆ. ಸೇರಿಸಿದ್ದು ಖಂಡಿತ ಎನ್ನುವ ಗೆರೆಗಳನ್ನು ಬ್ಲೇಡಿನಿಂದ ಹೆರೆಯುತ್ತಿದ್ದೇನೆ. ಅನುಮಾನ ಇರುವ ಕಡೆ ನಡುನಡುವೆ ಹೆರೆದು ತುಂಡುಗೆರೆ ಮಾಡುತ್ತಿದ್ದೇನೆ. ಕಾರ್ಖಾನೆಯ ನಕ್ಷೆಯಲ್ಲಿ ಒಳಗಿದ್ದು ಕಾಣದ ಭಾಗಕ್ಕೆ ಹಾಗೆಯೇ ಹಾಕುತ್ತೇವೆ. ಉಸಿರು ಬಿಗಿ ಹಿಡಿದು ಹೆರೆಯಬೇಕು, ಇಲ್ಲದಿದ್ದರೆ ಬಟ್ಟೆ ಹರಿಯುತ್ತದೆ. ಕೊನೆಗೆ ಆ ಕೈಗಳ ನಡುವಿನ ಗೆರೆಯನ್ನೂ ಹೆರೆದೆ. ಇಂಕು ಹೋಯಿತು. ಬಟ್ಟೆ ಅಲ್ಲಿ ಒರಟಾಗಿ ಉಳಿಯಿತು.

ಚಂದ ಹೋಯಿತು. ಕುಂಟರು, ಕೈ ಮುರಿದವರು, ಅರ್ಧ ಗೂಳಿ. ನನ್ನ ಹೆಸರು ಹಾಕಿಸಿಕೊಳ್ಳಲು ನಾಚಿಕೆಯಾಗುವ ಕೆಲಸ.

ಮೇಡಂ ಪಕ್ಕದ ಮೇಜಿನಲ್ಲಿ ಭಾಷಣದ ಹಾಳೆಗಳನ್ನು ಹರಿಯುತ್ತಿದ್ದರು. "ಕುಣಿತ ಹೋಯ್ತು. ಹೊಸದಾಗಿ ಮದುವೆಯಾದವಳೂ ಹೋದಳು" ಎಂದರು.

"ಇನ್ನೊಂದು ಕಥೆ ಕಟ್ಟಿ ಕೊಡ್ಲಾ ಮೇಡಂ?"

"ಬೇಡ" ಎಂದರು. ಇಬ್ಬರೂ ನಕ್ಕೆವು. ಬಹಳ ದಿನವಾಗಿತ್ತು.

೧ ಮಾರ್ಚ್, ಭಾನುವಾರ

ಮುಷ್ಕರ ಇನ್ನೂ ಮುಗಿದಿಲ್ಲ. ಮಾತುಕತೆ ಎನ್ನುತ್ತಾರೆ, ಮುರಿಯಿತು ಎನ್ನುತ್ತಾರೆ. ಈಗೀಗ ಕೇಳಿ ಸುಮ್ಮನಾಗುತ್ತೇನೆ.

ಭಾಷಣ ಜಯನಗರದ ಒಂದು ಶಾಲೆಯ ಹಾಲಿನಲ್ಲಿ. ರಾಮಪ್ರಸಾದ ಕಿಟಕಿಗೆ ಅಡ್ಡವಾಗಿ ಬಟ್ಟೆಯನ್ನು ತೂಗುಹಾಕಿದ್ದ. ಬೆಳಕು ಹಿಂದಿನಿಂದ ಬರುತ್ತಿತ್ತು. ಹೆಡ್‌ಮಾಸ್ಟರು ಚನ್ನಬಸವಯ್ಯ ಹೆಂಡತಿಯನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತು, ಸಿಕ್ಕವರಿಗೆಲ್ಲ "ಆ ಪಾದ ನಮ್ಮ ಮನೆಯಲ್ಲಿದೆ" ಎಂದು ಹೇಳುತ್ತಿದ್ದರು. ಅಂಕಮ್ಮನಿಗೆ ರಜ. ನನ್ನ ಪಕ್ಕದಲ್ಲಿ ಕೂತು ಕಂಪನಿಯ ಗೆಳತಿಯರ ಸುದ್ದಿ ಪಿಸುಗುಟ್ಟುತ್ತಿದ್ದಳು. ಅವರಲ್ಲಿ ಒಬ್ಬಳು ಯಲ್ಲಮ್ಮ ಅಂತೆ, ಮಷೀನು ತುಳಿಯುತ್ತಲೇ ಪದ ಹೇಳುತ್ತಾಳಂತೆ.

ಮೇಡಂ ಚುಟುಕಾಗಿ ಮಾತಾಡಿದರು. ಬಂಡೆ ಹೇಗಿತ್ತು, ಯಾರು ಒಡೆದರು, ಬಟ್ಟೆಯಲ್ಲಿ ಯಾವುದು ಖಂಡಿತ, ಯಾವುದು ಅನುಮಾನ. ಜನರಿಗೆ ಸಪ್ಪೆ ಎನ್ನಿಸಿರಬೇಕು, ಕುರ್ಚಿಗಳು ಕಿರುಗುಟ್ಟಿದವು.

ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದರು. "ಎಲ್ಲರೂ ಕೈ ಹಿಡಿದಿದಾರೆ, ಈ ತುದಿಯಲ್ಲಿ ಮಾತ್ರ ಬಿಟ್ಟಿದೀರಲ್ಲ. ಬಟ್ಟೇನೂ ಅಲ್ಲಿ ಕೆರೆದ ಹಾಗಿದೆ. ಆ ಜಾಗದಲ್ಲಿ ಏನಿತ್ತು?"

"ಅದನ್ನ ಬಂಡೆ ಮುಟ್ಟಿ ನೋಡಿದವರೇ ಹೇಳಲಿ" ಎಂದು ಮೇಡಂ ನನ್ನ ಕಡೆ ತಿರುಗಿದರು.

ಎದ್ದು ನಿಂತೆ. ಸಭೆಯ ತುಂಬ ಜನ ನನ್ನ ಬಾಯಿ ನೋಡುತ್ತಿದ್ದಾರೆ. ಊರಲ್ಲಾಗಿದ್ದರೆ ಇಂಥ ಹೊತ್ತಿಗೆ ಕಾಯುತ್ತಿದ್ದೆ. ಅವಳು ಮುನಿಸಿಕೊಂಡು ಹೊರಟವಳು, ಇಲ್ಲ, ತಡವಾಗಿ ಓಡಿ ಬಂದವಳು, ಅವಳನ್ನು ಯಾರೋ ಆಚೆಯಿಂದ ಕೂಗಿದರು. ಎಲ್ಲಾ ನಾಲಗೆಯ ತುದಿಗೇ ಬಂದವು. ಅಂಕಮ್ಮ ನನ್ನನ್ನೇ ನೋಡುತ್ತಿದ್ದಳು.

"ಅಲ್ಲಿ ಬಂಡೆ ಇತ್ತು ಸಾರ್" ಎಂದೆ. "ಒಂದು ಬೆರಳಷ್ಟು, ಬರೀ ಬಂಡೆ."

ಅವರು ಇನ್ನೂ ಏನೋ ಇದೆಯೆಂದು ಕಾದರು. ನಾನು ಕೂತುಕೊಂಡೆ. ಮೊಣಕಾಲು ನೋಯುತ್ತಿತ್ತು.